ಹಳೆ ಕಾರು ಕಟ್ಟುವುದಾದರೆ ಯಾವುದು? ಕರಾವಳಿಯ ಮನೆ ಶೆಡ್ಡಿನಿಂದ ಒಂದು ಹೋಲಿಕೆ

ಹಳೆ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತ ನನ್ನ ಬಳಿ ಇದೆ. ಅದಕ್ಕೆ ಬೈರಾಸಿನ (ಟವೆಲಿನ) ತುಂಡು ಸುತ್ತಿ ಇಟ್ಟಿದ್ದೇನೆ. ಹಳೆ ಕಾರು ನೋಡಲು ಹೊರಟರೆ ಮೊದಲು ಜೇಬಿಗೆ ಹೋಗುವುದು ಇದು, ಆಮೇಲೆ ದುಡ್ಡು. ಬಾಗಿಲಿನ ಕೆಳಭಾಗಕ್ಕೆ ಹಿಡಿದಾಗ ಅಂಟಿಕೊಂಡರೆ ಅಲ್ಲಿ ತಗಡು ಉಂಟು. ಜಾರಿ ಬಿದ್ದರೆ ಅಲ್ಲಿರುವುದು ತೂತು ಮುಚ್ಚಲು ಮೆತ್ತಿದ ಪುಟ್ಟಿ. ಮೊದಲ ಕಾರು ತರುವಾಗ ನನ್ನ ಹತ್ತಿರ ಇದು ಇರಲಿಲ್ಲ. ಕೀ ತಿರುಗಿಸಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಯಿತು, ಸೀಟು ಚೆನ್ನಾಗಿತ್ತು, ತಂದುಬಿಟ್ಟೆ. ಮನೆಗೆ ಬಂದು ಮ್ಯಾಟ್ ಎತ್ತಿದರೆ ಅಂಗಳ ಕಾಣುತ್ತಿತ್ತು. ಟಿಂಕರಿಂಗ್ ಮಾಡುವ ಅಣ್ಣ ಸುತ್ತ ಒಂದು ಸಲ ತಟ್ಟಿ ನೋಡಿ, "ಮೇಲಿನಿಂದ ಮಾತ್ರ ಕಾರು ಮಾರಾಯ್ರೆ, ಅಡಿ ಎಲ್ಲ ಹೋಗಿದೆ" ಅಂದರು.

ನಮ್ಮ ಮನೆ ಇರುವುದು ಉಡುಪಿ ಕಡೆಯ ಕಟಪಾಡಿಯ ಹತ್ತಿರ. ರಾತ್ರಿ ಗಾಳಿ ಈ ಕಡೆ ಬೀಸಿದರೆ ಕಡಲಿನ ಸದ್ದು ಕೇಳುತ್ತದೆ. ಆ ಸದ್ದು ಕೇಳುವಷ್ಟು ಹತ್ತಿರ ಇರುವವರಿಗೆ ಹಳೆ ಕಾರಿನ ಲೆಕ್ಕವೇ ಬೇರೆ. ಬೆಂಗಳೂರಿನ ಗೆಳೆಯರು ಕೊಡುವ ಸಲಹೆ ಮುಕ್ಕಾಲು ಪಾಲು ಎಂಜಿನ್ ಬಗ್ಗೆ ಇರುತ್ತದೆ. ಇಲ್ಲಿ ಎಂಜಿನ್ ದೊಡ್ಡ ವಿಷಯ ಅಲ್ಲ. ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದ್ದರೆ ಲೇತ್‌ನವರು ಸರಿ ಮಾಡಿ ಕೊಡುತ್ತಾರೆ. ತುಕ್ಕು ತಿಂದ ಬಾಡಿಯನ್ನು ಹಾಗೆ ಕೊಟ್ಟು ತರುವ ಅಂಗಡಿ ಇಲ್ಲ. ನನ್ನ ಖರ್ಚಿನಲ್ಲಿ ಎಂಜಿನ್‌ಗೆ ಒಂದು ರೂಪಾಯಿ ಹೋಗಿದ್ದರೆ ತಗಡಿಗೆ ಮೂರು ಹೋಗಿದೆ. ಅದಕ್ಕೇ ಈ ಹೋಲಿಕೆಯಲ್ಲಿ ಪ್ರತಿ ಕಾರನ್ನೂ ಅಡಿಯಿಂದ ನೋಡುತ್ತಾ ಬಂದಿದ್ದೇನೆ.

ಕಾರು ಯಾವ ಊರಿನದ್ದು?

ಯಾವ ಕಂಪನಿ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಒಂದೇ ವರ್ಷದ ಎರಡು ಕಾರು ತಗೊಳ್ಳಿ. ಒಂದು ಕಡಲ ಬದಿಯ ಮಲ್ಪೆಯಲ್ಲಿ ಓಡಿದ್ದು, ಇನ್ನೊಂದು ಬಳ್ಳಾರಿಯಲ್ಲಿ. ಬಳ್ಳಾರಿಯ ಕಾರಿಗೆ ಪೇಂಟ್ ಮಾಸಿರುತ್ತದೆ, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿರುತ್ತದೆ, ಬಾಗಿಲಿನ ರಬ್ಬರ್ ಮುಟ್ಟಿದರೆ ಪುಡಿಯಾಗುತ್ತದೆ. ನೋಡಲು ಬೇಸರ ಬರುವಂತಿರುತ್ತದೆ. ಆದರೆ ಫ್ಲೋರ್ ಗಟ್ಟಿ. ಮಲ್ಪೆಯ ಕಾರು ಮೇಲೆ ಹೊಳೆಯುತ್ತಿರುತ್ತದೆ, ಏಕೆಂದರೆ ಮಾರುವ ಮೊದಲು ಬಣ್ಣ ಹೊಡೆದಿರುತ್ತಾರೆ. ಕೆಳಗೆ ಸ್ಕ್ರೂಡ್ರೈವರಿನಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ರಬ್ಬರ್, ಬಣ್ಣ, ಸೀಟು ಇವೆಲ್ಲ ದುಡ್ಡು ಕೊಟ್ಟರೆ ಸಿಗುವ ವಸ್ತುಗಳು. ಗಟ್ಟಿ ಫ್ಲೋರ್ ಹಾಗಲ್ಲ.

ಹಾಗಾಗಿ ಕೆಎ-19 (ಮಂಗಳೂರು), ಕೆಎ-20 (ಉಡುಪಿ) ನಂಬರಿನ ಕಾರು ಹತ್ತಿರ ಸಿಗುತ್ತದೆ ಎಂದು ಓಡಬೇಡಿ. ರಾಯಚೂರು, ಕಲಬುರಗಿ, ವಿಜಯಪುರದ ಕಡೆ ಹುಡುಕಿ. ರಾಜ್ಯದೊಳಗಿನ ಕಾರಾದರೆ ಹೆಸರು ಬದಲಾವಣೆ ಮಾಡಿಸಿದರೆ ಆಯಿತು. ದೆಹಲಿ ಸುತ್ತಮುತ್ತ ಹಳೆ ಗಾಡಿಗಳಿಗೆ ವಯಸ್ಸಿನ ಮಿತಿ ಬಂದ ಮೇಲೆ ಅಲ್ಲಿಯ ಕಾರುಗಳೂ ಕಡಿಮೆ ಬೆಲೆಗೆ ಕಣ್ಣಿಗೆ ಬೀಳುತ್ತವೆ. ಒಣ ಹವೆಯ ಕಾರುಗಳು, ಒಳ್ಳೆಯ ತಗಡು. ಆದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು, ಲಾರಿ ಬಾಡಿಗೆ ಬೇರೆ. ಎಲ್ಲ ಕೂಡಿಸಿದರೆ ಬಳ್ಳಾರಿಯ ಕಾರೇ ಅಗ್ಗ ಬೀಳುವುದುಂಟು. ಮತ್ತೊಂದು ವಿಷಯ: ಘಟ್ಟದ ಮೇಲಿನ ಕಾರನ್ನು ಮೇ ತಿಂಗಳೊಳಗೆ ಇಳಿಸಿಬಿಡಿ. ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ನಿಮ್ಮ ಕಾರು ಹೊತ್ತ ಲಾರಿ ಸಕಲೇಶಪುರದಲ್ಲೇ ನಿಂತಿರುತ್ತದೆ.

ಪದ್ಮಿನಿ, ಅಂಬಾಸಿಡರ್: ನಿಜವಾದ ಜಗಳ ಇವೆರಡರ ನಡುವೆ

ಪದ್ಮಿನಿಯನ್ನು ಇಲ್ಲಿ ಇನ್ನೂ "ಫಿಯೆಟ್" ಎಂದೇ ಕರೆಯುವವರು ಜಾಸ್ತಿ. ಅದು ತಪ್ಪೂ ಅಲ್ಲ. 1964ರಲ್ಲಿ ಬಂದ ಫಿಯೆಟ್ 1100 ಡಿಲೈಟ್ ಕಾರೇ ಎಪ್ಪತ್ತರ ದಶಕದಲ್ಲಿ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪ್ರೀಮಿಯರ್ ಪದ್ಮಿನಿ ಆಯಿತು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರ್, ಹಿಂದೆ ಪ್ಲೇಟ್ ಸ್ಪ್ರಿಂಗ್. ಅಂಬಾಸಿಡರ್ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚು. ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ಐವತ್ತರ ದಶಕದ ಕೊನೆಯಲ್ಲಿ ಶುರುವಾಗಿ 2014ರವರೆಗೆ ತಯಾರಾಯಿತು. ಪೆಟ್ರೋಲ್ ಎಂಜಿನ್ 1489 ಸಿಸಿ. ತೊಂಬತ್ತರ ದಶಕದಲ್ಲಿ 1.8 ಲೀಟರಿನ ಇಸುಜು ಎಂಜಿನ್ ಬಂತು.

ಎರಡೂ ಕಾರಿಗೆ ಬೇರೆ ಚಾಸಿಸ್ (ಅಡಿಯ ಕಬ್ಬಿಣದ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿಸ್. ಇದು ತುಂಬ ಜನ ಮರೆಯುವ ವಿಷಯ. ಅಂಬಾಸಿಡರ್ ನೋಡಲು ಗಟ್ಟಿಮುಟ್ಟು, ಕೆಳಗೆ ದೊಡ್ಡ ಚಾಸಿಸ್ ಇರಬೇಕು ಎಂದುಕೊಳ್ಳುತ್ತಾರೆ. ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ರನ್ನಿಂಗ್ ಬೋರ್ಡಿನ ಪೆಟ್ಟಿಗೆ ಇದೆಯಲ್ಲ, ಅದೇ ಕಾರಿನ ಬೆನ್ನುಮೂಳೆ. ನೀರು ಹೋಗಿ ಕೂರುವುದೂ ಅಲ್ಲೇ.

ನಾನು ಪೆಟ್ಟು ತಿಂದ ಕಥೆ ಇಲ್ಲೇ ಹೇಳುತ್ತೇನೆ. ನನ್ನ ಪದ್ಮಿನಿಯ ಎರಡೂ ಬದಿಯ ಪೆಟ್ಟಿಗೆ ಹಾಳಾಗಿತ್ತು. ಭಾನುವಾರ ಒಂದೇ ದಿನದಲ್ಲಿ ಮುಗಿಸುವ ಆಸೆಯಲ್ಲಿ ಎರಡನ್ನೂ ಗ್ರೈಂಡರಿನಲ್ಲಿ ಕತ್ತರಿಸಿ ತೆಗೆದೆ. ಸಂಜೆ ಬಾಗಿಲು ಹಾಕಲು ಹೋದರೆ ಹಾಕಲಾಗಲಿಲ್ಲ. ಬಾಡಿ ನಡುವಿನಲ್ಲಿ ತಗ್ಗಿತ್ತು, ಬರೀ ಎಂಟು ಹತ್ತು ಮಿಲಿಮೀಟರ್. ಅಷ್ಟನ್ನು ಮತ್ತೆ ಎತ್ತಿ ಸರಿ ಮಾಡಲು ಎರಡು ತಿಂಗಳು ಹಿಡಿಯಿತು. ಸರಿಯಾದ ಕ್ರಮ ಹೀಗೆ: ಮೊದಲು ಬಾಗಿಲಿನ ತೆರವಿಗೆ ಅಡ್ಡಡ್ಡ ಕಬ್ಬಿಣದ ಪೈಪ್ ಟ್ಯಾಕ್ ವೆಲ್ಡ್ (ಅಲ್ಲಲ್ಲಿ ಚುಕ್ಕೆಯಷ್ಟೇ ವೆಲ್ಡ್) ಮಾಡಿ ಬಿಗಿಮಾಡಬೇಕು. ಕಾರನ್ನು ನಾಲ್ಕು ಕಡೆ ಮಟ್ಟ ನೋಡಿ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಒಂದು ಬದಿ ಕತ್ತರಿಸಿ, ಹೊಸದು ಹಾಕಿ, ವೆಲ್ಡ್ ಮುಗಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಬೇಕು. ಇದು ಎರಡೂ ಕಾರಿಗೂ ಅನ್ವಯ.

ಹಾಗಾದರೆ ವ್ಯತ್ಯಾಸ ಎಲ್ಲಿ? ಮೊದಲನೆಯದು ಜಾಗ. ಪದ್ಮಿನಿ ಉದ್ದ ಸುಮಾರು 3.9 ಮೀಟರ್, ಅಂಬಾಸಿಡರ್ 4.3. ಕಾಗದದಲ್ಲಿ ಒಂದು ಮೊಳದಷ್ಟೂ ಇಲ್ಲ. ಆದರೆ ಬಾನೆಟ್ ಮುಂದೆ ನಿಂತು ಎಂಜಿನ್ ಎಳೆಯಬೇಕು, ಹಿಂದೆ ಡಿಕ್ಕಿ ತೆರೆಯಬೇಕು. ಸಾಮಾನ್ಯ ಕಾರ್ ಪೋರ್ಚಿನಲ್ಲಿ ಪದ್ಮಿನಿ ಇಟ್ಟುಕೊಂಡು ಕೆಲಸ ಮಾಡಬಹುದು. ಅಂಬಾಸಿಡರ್ ಇಟ್ಟರೆ ನೀವು ಮಳೆಯಲ್ಲಿ ನಿಂತಿರುತ್ತೀರಿ. ತೂಕದ ವಿಷಯವೂ ಹೀಗೆಯೇ. ಪದ್ಮಿನಿಯ ಎಂಜಿನ್ ಎತ್ತಲು ಒಂದು ಚೈನ್ ಪುಲ್ಲಿ, ಒಂದು ಗಟ್ಟಿ ತೊಲೆ ಸಾಕು. ಅಂಬಾಸಿಡರಿನದ್ದು ಪೂರಾ ಎರಕದ ಕಬ್ಬಿಣ. ಪೋರ್ಚಿನ ಸ್ಲ್ಯಾಬಿಗೆ ಕೊಕ್ಕೆ ಹಾಕಿ ಎತ್ತಿದವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಎರಡನೆಯದು ಸ್ಪ್ಯಾನರ್. ಕೇಳಲು ಸಣ್ಣ ವಿಷಯ. ಪದ್ಮಿನಿ ಇಟಲಿಯ ಕಾರು, ನಟ್ಟು ಬೋಲ್ಟು ಎಲ್ಲ ಎಂಎಂ ಲೆಕ್ಕ. ಮನೆಯಲ್ಲಿರುವ 10, 13, 17ರ ಸ್ಪ್ಯಾನರ್ ನಡೆಯುತ್ತದೆ. ಅಂಬಾಸಿಡರಿನ ಹಳೆ ಎಂಜಿನ್ನಿಗೆ ಇಂಚಿನ ಸೆಟ್ಟೇ ಬೇಕು. 13ರ ಸ್ಪ್ಯಾನರ್ ಅರ್ಧ ಇಂಚಿನ ಬೋಲ್ಟಿಗೆ ಕೂತ ಹಾಗೆ ಕೂರುತ್ತದೆ, ತಿರುಗಿಸಿದರೆ ತಲೆ ದುಂಡಗಾಗುತ್ತದೆ. ತುಕ್ಕು ಹಿಡಿದ ಬೋಲ್ಟಿನ ತಲೆ ದುಂಡಗಾದರೆ ಆ ದಿನದ ಕೆಲಸ ಮುಗಿದ ಹಾಗೆ.

ಮೂರನೆಯದು ಎಂಜಿನ್ನಿನ ಸ್ವಭಾವ. ಪದ್ಮಿನಿಯ ಹೆಡ್ (ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂ, ಬ್ಲಾಕ್ (ಸಿಲಿಂಡರ್ ಇರುವ ಕೆಳಭಾಗ) ಕಬ್ಬಿಣ. ರೇಡಿಯೇಟರಿಗೆ ಬಾವಿ ನೀರು ಹಾಕಿ ಓಡಿಸಿದ ಕಾರುಗಳಲ್ಲಿ ಹೆಡ್ಡಿನ ನೀರಿನ ದಾರಿ ಕೊರೆದು ಹೋಗಿರುತ್ತದೆ. ಒಂದು ಸಲ ಜೋರಾಗಿ ಬಿಸಿಯಾದರೆ ಹೆಡ್ ಬಾಗುತ್ತದೆ, ಫೇಸಿಂಗ್ ಮಾಡಿಸಬೇಕು, ಅಂದರೆ ಅಡಿಯನ್ನು ತರಿದು ಸಮ ಮಾಡಿಸಬೇಕು. ನೋಡಲು ಹೋದಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಬಣ್ಣ ನೋಡಿ. ಕೂಲೆಂಟಿನ ಬಣ್ಣ ಇರಬೇಕು. ಕೆಂಪು ಕಲ್ಲು ತೊಳೆದ ನೀರಿನ ಹಾಗಿದ್ದರೆ ರೇಟಿನಲ್ಲಿ ಹೆಡ್ಡಿನ ಖರ್ಚು ಕಳೆದು ಮಾತಾಡಿ. ಅಂಬಾಸಿಡರಿನ ಎಂಜಿನ್ ಇಂಥದ್ದನ್ನೆಲ್ಲ ತಡೆದುಕೊಳ್ಳುತ್ತದೆ. ಆದರೆ ಅದಕ್ಕೆ ಬೇರೆ ತಕರಾರು ಉಂಟು. ತುಂಬ ಅಂಬಾಸಿಡರುಗಳು ಟ್ಯಾಕ್ಸಿಯಾಗಿ ದುಡಿದವು. ದಾರಿಯಲ್ಲಿ ಯಾರೋ ಬೇರೆ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ, ಆರ್‌ಸಿಯಲ್ಲಿ ಹಳೆ ನಂಬರೇ ಇರುತ್ತದೆ. ಎಂಜಿನ್ ಮೇಲಿನ ನಂಬರನ್ನು ನೀವೇ ವೈರ್ ಬ್ರಷ್ ಹಾಕಿ ಉಜ್ಜಿ ಓದಿ. ಮಾರುವವರು ಹೇಳಿದ್ದನ್ನು ಬರೆದುಕೊಳ್ಳಬೇಡಿ. ಅಂಬಾಸಿಡರಿನಲ್ಲಿ ಇನ್ನೊಂದು ಜಾಗ ನೋಡಲೇಬೇಕು. ಮುಂದಿನ ಚಕ್ರದ ಭಾರ ಹೊರುವ ಟಾರ್ಷನ್ ಬಾರ್ ಹಿಂದಕ್ಕೆ ಹೋಗಿ ಫ್ಲೋರಿನ ಅಡಿಯ ಅಡ್ಡಪಟ್ಟಿಗೆ ಕೂರುತ್ತದೆ. ಆ ಅಡ್ಡಪಟ್ಟಿ ತುಕ್ಕು ತಿಂದಿದ್ದರೆ ಕಾರು ಬಿಟ್ಟು ಬನ್ನಿ. ಬೆಲೆ ಎಷ್ಟು ಕಡಿಮೆ ಇದ್ದರೂ ಸರಿ.

ನಾಲ್ಕನೆಯದು ಬಿಡಿಭಾಗ, ಮತ್ತು ಇಲ್ಲಿ ನಮ್ಮ ಕರಾವಳಿಗೆ ಒಂದು ಲಾಭ ಇದೆ. ಪದ್ಮಿನಿ ಹುಟ್ಟಿದ್ದು ಮುಂಬಯಿಯ ಕುರ್ಲಾದಲ್ಲಿ. ಹಳೆ ಬಿಡಿಭಾಗದ ಅಂಗಡಿಗಳ ಸಾಲು ಇರುವುದೂ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ. ನಮ್ಮ ಮತ್ಸ್ಯಗಂಧ ರೈಲು ಹೊರಡುವ ಲೋಕಮಾನ್ಯ ತಿಲಕ್ ಟರ್ಮಿನಸ್ ಕೂಡ ಕುರ್ಲಾದಲ್ಲೇ. ಮುಂಬಯಿಯಲ್ಲಿ ಒಬ್ಬ ಚಿಕ್ಕಪ್ಪನೋ ಭಾವನೋ ಇಲ್ಲದ ಮನೆ ಉಡುಪಿಯಲ್ಲಿ ಎಷ್ಟಿವೆ ಹೇಳಿ? ಅವರಿಗೆ ಫೋಟೊ ಕಳಿಸಿ, ಮಧ್ಯಾಹ್ನದ ರೈಲಿಗೆ ಕಟ್ಟಿ ಕಳಿಸಿದರೆ ಬೆಳಿಗ್ಗೆ ಉಡುಪಿ ಸ್ಟೇಷನ್ನಿನಲ್ಲಿ ಕಾರ್ಬುರೇಟರ್. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಹಾಗಾಗಿ ಗುಜರಿಯ ಮಾಲು ಇನ್ನು ದಿನೇದಿನೇ ಕಡಿಮೆಯಾಗುತ್ತದೆ. ಬೇಕಾದ ಗ್ಲಾಸ್, ಬಂಪರ್, ಲ್ಯಾಂಪಿನ ರಿಂಗ್ ಈಗಲೇ ಮಾಡಿಟ್ಟುಕೊಳ್ಳಿ. ಅಂಬಾಸಿಡರಿನ ಬಿಡಿಭಾಗಕ್ಕೆ ಬೆಂಗಳೂರಿನ ಜೆಸಿ ರಸ್ತೆ, ಚೆನ್ನೈನ ಪುದುಪೇಟೆ. 2014ರವರೆಗೆ ತಯಾರಾದ ಕಾರು, ಮೆಕ್ಯಾನಿಕಲ್ ಪಾರ್ಟ್ಸ್ ಬಗ್ಗೆ ಚಿಂತೆ ಕಡಿಮೆ.

ನನ್ನ ತೀರ್ಪು: ಕಡಲಿಗೆ ಹತ್ತಿರ, ಜಾಗ ಕಡಿಮೆ, ಒಬ್ಬರೇ ಕೆಲಸ ಮಾಡುವವರಾದರೆ ಪದ್ಮಿನಿ. ಅಡಿಕೆ ಒಣಗಿಸುವ ದೊಡ್ಡ ಅಂಗಳ, ಪಕ್ಕದಲ್ಲಿ ಹಳೆ ಕೊಟ್ಟಿಗೆ ಇರುವ ಬೆಳ್ತಂಗಡಿ, ಕಾರ್ಕಳದ ಕಡೆಯವರಾದರೆ ಅಂಬಾಸಿಡರ್. ಕುಟುಂಬದವರೆಲ್ಲ ಕೂತು ಹೋಗುವ ಆಸೆ ಇದ್ದರೂ ಅಂಬಾಸಿಡರೇ. ಪದ್ಮಿನಿಯ ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ಒಂದೇ ಸಲ ಕೂತದ್ದು.

ಜೀಪು: ತುಕ್ಕಿಗೆ ಸುಲಭ, ಕಾಗದಕ್ಕೆ ಕಷ್ಟ

ಕರಾವಳಿಯ ತುಕ್ಕು ಒಂದನ್ನೇ ನೋಡಿದರೆ ಹಳೆ ಮಹೀಂದ್ರ ಜೀಪಿಗೆ ಸಾಟಿ ಇಲ್ಲ. ವಿಲ್ಲಿಸ್ ಮಾದರಿಯ ಸಿಜೆ-3ಬಿ ಇರಲಿ, ಆಮೇಲಿನ ಎಂಎಂ 540 ಇರಲಿ, ಕೆಳಗೆ ಏಣಿಯಂಥ ಚಾಸಿಸ್, ಮೇಲೆ ಬೋಲ್ಟಿನಲ್ಲಿ ಕೂತ ಬಾಡಿ. ತಗಡೆಲ್ಲ ಹೆಚ್ಚುಕಡಿಮೆ ಚಪ್ಪಟೆ. ಬಾಡಿ ಎತ್ತಿ ಪಕ್ಕಕ್ಕಿಟ್ಟು ಚಾಸಿಸನ್ನು ಪೂರಾ ಉಜ್ಜಿ ಬಣ್ಣ ಹಾಕಬಹುದು. ಫ್ಲೋರ್ ಹೋಗಿದ್ದರೆ ಗೇಟು ಗ್ರಿಲ್ ಮಾಡುವವರೂ ಹೊಸದು ಬಗ್ಗಿಸಿ ಕೊಡುತ್ತಾರೆ. ಪದ್ಮಿನಿಯ ಮಡ್‌ಗಾರ್ಡಿನ ಆ ಉರುಟು ತಿರುವನ್ನು ತಟ್ಟಿ ತರುವ ಕೈಗಳು ಈಗ ಎಲ್ಲೋ ಒಂದೆರಡು.

ಪೆಟ್ರೋಲ್ ಜೀಪಿನ 2.2 ಲೀಟರ್ ಹರಿಕೇನ್ ಎಂಜಿನ್ ಒಂದು ವಿಚಿತ್ರ. ಗಾಳಿ ಒಳಬರುವ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಹೋಗುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಬಿಚ್ಚಿ ಜೋಡಿಸಲು ಖುಷಿ, ಪೆಟ್ರೋಲ್ ಹಾಕಲು ಸಂಕಟ. ಎಂಎಂ 540ರ ಪೂಜೋ ಮೂಲದ ಡೀಸೆಲ್ ದಿನಬಳಕೆಗೆ ಒಳ್ಳೆಯದು.

ಕಷ್ಟ ಇರುವುದು ಆರ್‌ಸಿಯಲ್ಲಿ. ಹರಿಯಾಣದ ಮಂಡಿ ಡಬ್‌ವಾಲಿಯಂಥ ಊರುಗಳಲ್ಲಿ ಜೀಪನ್ನು ಹೊಸದಾಗಿ ಕಟ್ಟಿಯೇ ಕೊಡುತ್ತಾರೆ. ನೋಡಲು ಬಲು ಚೆಂದ. ದೊಡ್ಡ ಟಯರ್, ಮುಂದೆ ವಿಂಚ್. ಆದರೆ ಒಂದರ ಚಾಸಿಸ್, ಇನ್ನೊಂದರ ಎಂಜಿನ್, ಮತ್ತೊಂದರ ಕಾಗದ ಕೂಡಿಸಿದ ಗಾಡಿಯಾಗಿದ್ದರೆ ಆರ್‌ಟಿಒ ಕಚೇರಿಯಲ್ಲಿ ಅದು ಗುಜರಿಗೆ ಸಮ. ಜೀಪು ಬೇಕಾದರೆ ಇಲ್ಲಿಯೇ ಎಸ್ಟೇಟಿನಲ್ಲೋ ತೋಟದಲ್ಲೋ ಮೂವತ್ತು ವರ್ಷ ಒಬ್ಬರ ಕೈಯಲ್ಲಿದ್ದ, ಕಾಗದ ನೇರವಾಗಿರುವ ಜೀಪನ್ನೇ ಹುಡುಕಿ. ಬಾಡಿ ಎಷ್ಟೇ ಹಾಳಾಗಿರಲಿ. ಚಾಸಿಸ್ ನಂಬರ್ ಓದಲು ಬರಬೇಕು, ಅಷ್ಟೇ. ಕಾರಿನಲ್ಲಿ ತಗಡು ಮೊದಲು ಅಂದೆ, ಜೀಪಿನಲ್ಲಿ ಕಾಗದ ಮೊದಲು.

ಇನ್ನೆರಡು: ಹೆರಾಲ್ಡ್, ಮಾರುತಿ

ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹತ್ತು ವರ್ಷ ಮಾಡಿದ ಹೆರಾಲ್ಡ್ ಮನೆ ಶೆಡ್ಡಿಗೆಂದೇ ಮಾಡಿದ ಕಾರಿನ ಹಾಗೆ ಇದೆ. ಬೇರೆ ಚಾಸಿಸ್. ಬಾನೆಟ್ ಮಡ್‌ಗಾರ್ಡ್ ಸಮೇತ ಪೂರಾ ಮುಂದಕ್ಕೆ ಮಗಚುತ್ತದೆ, ಚಕ್ರದ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಸುಮಾರು 25 ಅಡಿ ಜಾಗದಲ್ಲಿ ಪೂರಾ ಸುತ್ತು ತಿರುಗುತ್ತದೆ, ನಮ್ಮ ಓಣಿಗಳಿಗೆ ಹೇಳಿ ಮಾಡಿಸಿದ್ದು. ಬ್ರಿಟನ್ನಿನಲ್ಲಿ ಟ್ರಯಂಫ್ ಹೆರಾಲ್ಡಿನ ಪಾರ್ಟ್ಸ್ ಈಗಲೂ ಸಿಗುತ್ತವೆ, ಕೊರಿಯರ್ ಮತ್ತು ಸುಂಕ ಸೇರಿದಾಗ ಎದೆ ಹೊಡೆದುಕೊಳ್ಳುತ್ತದೆ. ಇಲ್ಲಿಯ ನಾಲ್ಕು ಬಾಗಿಲಿನ ಮಾದರಿಯ ಬಾಗಿಲು ಅಲ್ಲೂ ಸಿಗುವುದಿಲ್ಲ. ಪೂರ್ತಿ ಇರುವ ಕಾರು ಸಿಕ್ಕಿದರೆ ಮಾತ್ರ ತನ್ನಿ. "ನಾಲ್ಕು ಐಟಂ ಇಲ್ಲ, ಹುಡುಕಿದರೆ ಸಿಗುತ್ತದೆ" ಎಂದು ಯಾರಾದರೂ ಹೇಳಿದರೆ, ಸಿಗುವುದಾದರೆ ಅವರೇ ಹುಡುಕುತ್ತಿದ್ದರು.

ಮೊದಲ ಸಲ ಕೈ ಹಾಕುವವರಿಗೆ ನಾನು ಹೇಳುವುದು ಮಾರುತಿ 800. ನಗಬೇಡಿ. 1983ರ ಡಿಸೆಂಬರಿನಲ್ಲಿ ಬಂದು 1986ರವರೆಗೆ ಇದ್ದ ಮೊದಲ ಮಾದರಿ, ಆ ಚಿಕ್ಕ ಪೆಟ್ಟಿಗೆಯಂಥ ಎಸ್‌ಎಸ್ 80, ಈಗ ಹಳೆ ಕಾರಿನವರ ಕಣ್ಣಿಗೆ ಬಿದ್ದಿದೆ. 796 ಸಿಸಿ, ಮೂರು ಸಿಲಿಂಡರ್. ಎಂಜಿನ್ ಎತ್ತಲು ಇಬ್ಬರು ಗಂಡಾಳು ಸಾಕು. ಎಂಜಿನ್ ಪಾರ್ಟ್ಸ್ ಪೇಟೆಯ ಯಾವ ಅಂಗಡಿಯಲ್ಲೂ ಉಂಟು, ಎಸ್‌ಎಸ್ 80ರ ಲ್ಯಾಂಪು, ಗ್ರಿಲ್ ಮಾತ್ರ ಹುಡುಕಬೇಕು. ತಗಡು ಮಾತ್ರ ತೆಳು. ಬಾನೆಟ್ ತೆರೆದು ಮುಂದಿನ ಶಾಕ್‌ಅಬ್ಸಾರ್ಬರ್ ಮೇಲೆ ಬಂದು ಕೂರುವ ಜಾಗ ನೋಡಿ. ಅಲ್ಲಿ ತುಕ್ಕು ಇದ್ದರೆ ಬೇಡ. ಒಂದು ವರ್ಷದಲ್ಲಿ ಕೆಲಸ ಮುಗಿದು ಓಡಿಸುವ ಸಂತೋಷ ಸಿಗುತ್ತದೆ. ಐದು ವರ್ಷ ಸ್ಟ್ಯಾಂಡ್ ಮೇಲೆ ನಿಂತ ಅಂಬಾಸಿಡರ್ ಮನೆಯಲ್ಲಿ ಜಗಳ ತರುತ್ತದೆ, ಅದರಲ್ಲೂ ಸಂಡಿಗೆ ಒಣಗಿಸುವ ಜಾಗದಲ್ಲಿ ನಿಂತರೆ.

ಇದ್ದ ಹಾಗೆಯೋ, ನಮ್ಮಿಷ್ಟದ ಹಾಗೆಯೋ

ಈ ತೀರ್ಮಾನ ಕಾರು ಬಿಚ್ಚುವ ಮೊದಲೇ ಆಗಬೇಕು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂಬ ಗುರುತು ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಆಮೇಲೆ ಮರುನೋಂದಣಿಗೆ 5,000. ದಿನನಿತ್ಯ ಓಡಿಸಲು ಅಥವಾ ಬಾಡಿಗೆಗೆ ಬಿಡಲು ಆಗುವುದಿಲ್ಲ. ಅಂದರೆ ಈ ದಾರಿ ಮಾರ್ಕ್ 2 ಅಂಬಾಸಿಡರ್, ಡಿಲೈಟ್, ಹೆರಾಲ್ಡ್ ಇರುವವರಿಗೆ. ಮಾರುತಿಯವರು 2033ರವರೆಗೆ ಕಾಯಬೇಕು.

50 ಆಗದಿದ್ದರೆ, ಅಥವಾ ದಿನಾ ಓಡಿಸಬೇಕಿದ್ದರೆ, ಮಾಮೂಲಿ ಆರ್‌ಸಿಯನ್ನೇ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇಲ್ಲಿಯೂ ಮನಸ್ಸು ಬಂದ ಹಾಗೆ ಕತ್ತರಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ನಿಷಿದ್ಧ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಹೊರದೇಶದ ಚಿತ್ರ ನೋಡಿ ಪದ್ಮಿನಿಯ ಮಾಡು (ಛಾವಣಿ) ಕತ್ತರಿಸಿ ತಗ್ಗಿಸುವ, ನಾಲ್ಕು ಬಾಗಿಲನ್ನು ಎರಡು ಮಾಡುವ ಆಸೆ ಇದ್ದರೆ ಆ ಕಾರು ಅಂಗಳದಲ್ಲೇ ಉಳಿಯುತ್ತದೆ.

ನಾನು ಆರಿಸಿಕೊಂಡದ್ದು ನಡುವಿನ ದಾರಿ. ಬೋಲ್ಟ್ ಬಿಚ್ಚಿ ಹಿಂದಿನಂತೆ ಮಾಡಬಹುದಾದದ್ದನ್ನು ಮಾತ್ರ ಬದಲಿಸಿದೆ. ಡೈನಮೋ ತೆಗೆದು ಆಲ್ಟರ್ನೇಟರ್. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ನಮ್ಮ ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಇದು ದೊಡ್ಡ ಉಪಕಾರ. ಹೆಡ್‌ಲೈಟಿಗೆ ರಿಲೇ. ಸೀಟ್ ಬೆಲ್ಟ್. ಹಳೆಯದನ್ನೆಲ್ಲ ಗ್ರೀಸ್ ಸವರಿ ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿಟ್ಟಿದ್ದೇನೆ. ಮೂಲ ಹೇಗಿತ್ತು ಎಂಬ ಗೊಂದಲ ಬಂದರೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಒಂದು ಸುತ್ತು ಹೋಗಿ ಬನ್ನಿ. ಬೀಡಿಂಗ್ ಹೇಗೆ ಕೂರಬೇಕು, ಹಬ್‌ಕ್ಯಾಪ್ ಹೇಗಿರಬೇಕು ಎಂದು ಕಣ್ಣಾರೆ ನೋಡಿದರೆ ಅರ್ಧ ಅನುಮಾನ ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಬದಲಿಸಬೇಕಾದದ್ದು ಪೆಟ್ರೋಲ್ ಪೈಪು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೆ ರಬ್ಬರನ್ನು ಅದು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನಮ್ಮ ಜೂನ್‌ನ ಗಾಳಿ ಹೇಗಿರುತ್ತದೆ ಗೊತ್ತಲ್ವಾ? ಎಥನಾಲ್ ತಡೆಯುವ ಪೈಪು ಹಾಕಿ. ಮಳೆಗಾಲದಲ್ಲಿ ಕಾರು ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ ನಿಲ್ಲಿಸಿ. ಹೆಡ್ ಬಿಚ್ಚಿದ್ದರೆ ವಾಲ್ವ್ ಸೀಟೂ ಗಟ್ಟಿಯದು ಹಾಕಿಸಿಬಿಡಿ. ಈ ಎಂಜಿನ್ನುಗಳು ಸೀಸ ಬೆರೆತ ಪೆಟ್ರೋಲಿಗೆ ಮಾಡಿದವು, ಅದು ದೇಶದಲ್ಲಿ 2000ದಲ್ಲೇ ನಿಂತಿತು.

ಯಾವ ಕೆಲಸ ಮನೆಯಲ್ಲಿ, ಯಾವುದು ಹೊರಗೆ

ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಹೊರಗೆ. ಇದರಲ್ಲಿ ಯೋಚನೆ ಮಾಡಲು ಏನಿಲ್ಲ.

ವೆಲ್ಡಿಂಗ್ ಮನೆಯಲ್ಲಿ ಕಲಿಯಬಹುದು. ಗೇಟು ಮಾಡುವ ಆರ್ಕ್ ವೆಲ್ಡಿಂಗ್ ಕಾರಿನ ತೆಳು ತಗಡನ್ನು ತೂತು ಮಾಡುತ್ತದೆ. ಗ್ಯಾಸ್ ವೆಲ್ಡಿಂಗ್ ಬಿಸಿಗೆ ತಗಡು ಅಲೆಅಲೆಯಾಗುತ್ತದೆ, ಪಳಗಿದ ಕೈ ಬೇಕು. ತಂತಿ ತಾನಾಗಿ ಬರುವ ಸಣ್ಣ ಮಿಗ್ ವೆಲ್ಡಿಂಗ್ ಮೆಷಿನ್ ಹೊಸಬರಿಗೆ ಒಳ್ಳೆಯದು. ಫ್ಲೋರಿಗೆ 18 ಗೇಜ್, ಹೊರಗಿನ ಬಾಡಿಗೆ 20 ಗೇಜ್ ತಗಡು ಕೇಳಿ. ತುಕ್ಕು ಹಿಡಿಯುವುದಿಲ್ಲ ಎಂದು ಜಿಐ ಶೀಟ್ (ಸತು ಲೇಪಿಸಿದ ತಗಡು) ತಂದು ವೆಲ್ಡ್ ಮಾಡಬೇಡಿ. ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಕೆಲಸ ಶುರು ಮಾಡುವ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ.

ಪ್ರೈಮರ್ ಬಗ್ಗೆ ನಾನು ಕಲಿತದ್ದು ಮಲ್ಪೆಯಲ್ಲಿ. ಸ್ಟೀಲ್ ಬೋಟಿಗೆ ಬಣ್ಣ ಹೊಡೆಯುವವರು ಒಬ್ಬರು ಹೇಳಿದ್ದು ಒಂದೇ ಮಾತು: "ಉಪ್ಪು ತೊಳೆಯದೆ ಬಣ್ಣ ಮುಟ್ಟಬೇಡಿ." ಉಜ್ಜಿದ ತಗಡಿನ ಮೇಲೆ ಕಣ್ಣಿಗೆ ಕಾಣದ ಉಪ್ಪು ಉಳಿದಿರುತ್ತದೆ. ಅದರ ಮೇಲೆ ಎಷ್ಟು ಒಳ್ಳೆಯ ಪ್ರೈಮರ್ ಹಾಕಿದರೂ ಒಂದು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ಸಿಹಿನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ, ಅದೇ ದಿನ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಹಾಕಬೇಕು. ನಾಳೆಗೆ ಬಿಟ್ಟರೆ ಬೆಳಿಗ್ಗೆ ತಗಡು ಕೆಂಪಾಗಿರುತ್ತದೆ.

ಅಡಿಗೆ ಹಾಕುವ ಕಪ್ಪು ಡಾಂಬರಿನಂಥ ಕೋಟಿಂಗಿಗಿಂತ ಮೇಣದಂಥದ್ದು ಒಳ್ಳೆಯದು ಎಂಬುದು ನನ್ನ ಅನುಭವ. ಡಾಂಬರು ಗಟ್ಟಿಯಾಗಿ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ, ನೀರು ಒಳಗೆ ಹೋಗಿ ಅಲ್ಲೇ ಕೂರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಮೇಣವನ್ನು ಪ್ರತಿ ವರ್ಷ ಮತ್ತೆ ಹೊಡೆಯಬೇಕು, ಆದರೆ ಒಳಗೆ ಏನಾಗುತ್ತಿದೆ ಎಂದು ಕಾಣುತ್ತದೆ. ಹಳೆ ಎಂಜಿನ್ ಆಯಿಲ್ ಬಳಿಯುವ ನಾಟಿ ಉಪಾಯ ತುಕ್ಕಿಗೆ ಸ್ವಲ್ಪ ಕೆಲಸ ಮಾಡುತ್ತದೆ. ರಬ್ಬರ್ ಬುಷ್ ಹಾಳು ಮಾಡುತ್ತದೆ. ಬಾವಿ ಹತ್ತಿರ ಇದ್ದರೆ ಬೇಡವೇ ಬೇಡ.

ಬಣ್ಣ ಹೊರಗೆ ಹೊಡೆಸಿ. ಇದನ್ನು ಹಟ ಮಾಡಿ ಮನೆಯಲ್ಲಿ ಹೊಡೆದವನಾಗಿ ಹೇಳುತ್ತಿದ್ದೇನೆ. ಹಳೆ ಕಾಲದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಮನೆಯಲ್ಲಿ ಹೊಡೆಯಲು ಸುಲಭ, ತಪ್ಪಾದರೆ ಉಜ್ಜಿ ತೆಗೆಯಬಹುದು. ಆದರೆ ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಪಿಯು (ಪಾಲಿಯುರೆಥೇನ್) ಪೇಂಟ್ ಬಾಳಿಕೆ ಬರುತ್ತದೆ, ಹೊಳೆಯುತ್ತದೆ. ಅದರ ಗಟ್ಟಿಕಾರಕದ ಹಬೆ ಮಾತ್ರ ಶ್ವಾಸಕೋಶಕ್ಕೆ ವಿಷ, ಬಟ್ಟೆಯ ಮಾಸ್ಕಿನಲ್ಲಿ ತಡೆಯುವುದಲ್ಲ. ಎರಡಕ್ಕೂ ಕಂಪ್ರೆಸರಿನ ಗಾಳಿಯ ನೀರು ಹಿಡಿಯುವ ಫಿಲ್ಟರ್ ಬೇಕೇ ಬೇಕು. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಶುರು ಮಾಡಿದರೆ ಶಿವರಾತ್ರಿಯೊಳಗೆ ಮುಗಿಸಬಹುದು. ಪತ್ತನಾಜೆ (ಮೇ ಕೊನೆಯಲ್ಲಿ ಬರುವ ತುಳುವರ ದಿನ) ದಾಟಿತೋ, ಪೇಂಟ್ ಗನ್ ತೊಳೆದು ಒಳಗಿಡಿ. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಆಟಿ (ಜುಲೈ-ಆಗಸ್ಟ್) ತಿಂಗಳಿಗೆಂದು ಬೇರೆ ಕೆಲಸ ಇಟ್ಟುಕೊಳ್ಳಬೇಕು: ಕಾರ್ಬುರೇಟರ್ ಬಿಚ್ಚಿ ತೊಳೆಯುವುದು, ವೈರಿಂಗ್ ಕಟ್ಟುವುದು, ಸೀಟು ಹೊಲಿಸುವುದು.

ಶೆಡ್ಡಿನ ಬಗ್ಗೆ ಎರಡೇ ಮಾತು. ಮಣ್ಣು ನೆಲವಾದರೆ ಕೆಳಗಿನಿಂದ ತೇವ ಏಳುತ್ತಲೇ ಇರುತ್ತದೆ, ದಪ್ಪ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಕಾಂಕ್ರೀಟ್ ಹಾಕಿಸಿ. ಟರ್ಪಾಲನ್ನು ನೇರ ಕಾರಿನ ಮೇಲೆ ಹೊದೆಸಬೇಡಿ, ಒಳಗೆ ಬೆವರುತ್ತದೆ. ಮೇಲೆ ಮಾಡು, ಸುತ್ತ ಗಾಳಿ ಓಡಾಡುವ ಹಾಗೆ ಇದ್ದರೆ ಸಾಕು.

ಇನ್ನು ಕಾರು ನೋಡಲು ಹೋಗುವ ದಿನ. ಹೆಚ್ಚಿನವರು ಬಿಸಿಲು ನೋಡಿ ಹೋಗುತ್ತಾರೆ. ನೀವು ಹತ್ತಿರದ ಕಾರಾದರೆ ಜೋರು ಮಳೆ ಹೊಡೆದ ಮಾರನೆಯ ಬೆಳಿಗ್ಗೆ ಹೋಗಿ, ಹೇಳದೆ ಹೋದರೆ ಇನ್ನೂ ಒಳ್ಳೆಯದು. ಅಯಸ್ಕಾಂತ, ಟಾರ್ಚ್, ಒಂದು ಸ್ಕ್ರೂಡ್ರೈವರ್, ಮಲಗಲು ಹಳೆ ಗೋಣಿ ತಗೊಂಡು ಹೋಗಿ. ಮ್ಯಾಟ್ ಎತ್ತಿ ಕೈ ಇಟ್ಟು ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೆ ನೋಡಿ. ಅಲ್ಲಿ ನೀರು ನಿಂತಿದ್ದರೆ ಚಾ ಕುಡಿದು, ನಮಸ್ಕಾರ ಹೇಳಿ, ಬಸ್ಸು ಹತ್ತಿ.